ಹಾಲು ಇಲ್ಲ ಎಂದು ಬರೆದ ದಿನ

ಕೊಹಿನೂರು ಎಂಬ ಊರಿನ ಸುಜಾತಾ ಬೆಕ್ಕು ಹಿಡಿಯುವ ಕೆಲಸಕ್ಕೆ ಸೇರಿದಾಗ ಓಣಿಯ ಹೆಂಗಸರು ನಕ್ಕರು. ಹದಿನೈದು ವರ್ಷ ಕಳೆ ಕಿತ್ತು, ತೊಗರಿ ಕೊಯ್ದು, ಜೋಳದ ತೆನೆ ಮುರಿದ ಕೈಗೆ ಇದೆಂಥ ಕೆಲಸ ಎಂದು ಅವರಿಗೆ. ಆದರೆ ಮಾರ್ಚ್ ಮುಗಿಯುತ್ತ ಬಂದಿತ್ತು, ರಾಶಿಗಳೆಲ್ಲ ಮುಗಿದು ಹೊಲಗಳಲ್ಲಿ ಕೂಲಿ ಇರಲಿಲ್ಲ. ಗಂಡ ಜೈಭೀಮ ಬಸವಕಲ್ಯಾಣದಲ್ಲಿ ಟಂಟಂ ಆಟೊ ಓಡಿಸುತ್ತಿದ್ದ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದ. ಮನೆಯಲ್ಲಿ ಸುಜಾತಾ ಮತ್ತು ಅತ್ತೆ ಅಂಬುಬಾಯಿ ಇಬ್ಬರೇ. ಮಳೆ ಬರುವವರೆಗೆ ಎರಡೂವರೆ ತಿಂಗಳ ಕೆಲಸ, ಓದು ಬರಹ ಬಂದರೆ ಸಾಕು ಎಂದು ಕೆಲಸ ಕೊಡುವವರು ಹೇಳಿದ್ದರು. ಸುಜಾತಾ ಎಂಟನೆಯವರೆಗೆ ಓದಿದ್ದಳು.

ಊರಿನ ಪಡುವಣಕ್ಕೆ ಗಾಯರಾಣವಿದೆ. ದನ, ಕುರಿ ಮೇಯಲೆಂದು ಮೊದಲಿನಿಂದ ಬಿಟ್ಟ ಹುಲ್ಲುನೆಲ ಅದು. ಮರ ಕಡಿಮೆ, ಕೆಂಪು ಕಲ್ಲು ಜಾಸ್ತಿ. ಅಲ್ಲಿ ಚಿಗರಿಗಳು ಓಡಾಡುತ್ತವೆ. ಟಿಟವಿ, ಗೌಜಲಹಕ್ಕಿ, ನೆಲಗುಬ್ಬಿ ಎಲ್ಲವೂ ಬೇಸಿಗೆಯಲ್ಲಿ ಅಲ್ಲಿಯೇ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಎರಡು ವರ್ಷದಿಂದ ಮರಿಗಳು ಉಳಿಯುತ್ತಿಲ್ಲ ಎಂದು ಹಕ್ಕಿಗಳ ಲೆಕ್ಕ ಇಡುವ ಒಂದು ಸಂಸ್ಥೆಯವರು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಗೂಡುಗಳ ಬಳಿ ಕ್ಯಾಮೆರಾ ಕಟ್ಟಿದ್ದರು. ಚಿತ್ರಗಳಲ್ಲಿ ನರಿ ಒಂದೆರಡು ಸಲ ಕಂಡಿತು. ಉಳಿದದ್ದೆಲ್ಲ ಬೆಕ್ಕು, ನಮ್ಮ ನಿಮ್ಮ ಮನೆಯಂಥವೇ. ಹುಲ್ಲಲ್ಲೇ ಹುಟ್ಟಿ ಬೆಳೆದು ಮನುಷ್ಯರ ಹತ್ತಿರ ಬಾರದಷ್ಟು ಕಾಡುಬಿದ್ದವು. ಅವನ್ನು ನೋವಾಗದಂತೆ ಹಿಡಿದು, ಮರಿ ಹಾಕದಂತೆ ಆಪರೇಷನ್ ಮಾಡಿಸಿ, ಹುಮನಾಬಾದಿನ ಬೇಳೆ ಮಿಲ್ಲುಗಳಿಗೂ ಗೋದಾಮುಗಳಿಗೂ ಇಲಿ ಹಿಡಿಯಲು ಕೊಡುವುದು ಎಂದು ತೀರ್ಮಾನವಾಗಿತ್ತು.

ಕಲಿಸಿದವರು ಹುಮನಾಬಾದಿನ ಪಶುವೈದ್ಯೆ ತಬಸ್ಸುಮ. ತಮ್ಮ ದವಾಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಮೂರು ದಿನ ಪಾಠ ಹೇಳಿದರು. ಕಬ್ಬಿಣದ ಜಾಳಿಗೆಯ ಉದ್ದನೆಯ ಪಂಜರ, ಒಂದು ಕಡೆ ಬಾಗಿಲು, ಒಳಗಿನ ತಗಡನ್ನು ತುಳಿದರೆ ಬಾಗಿಲು ತಾನೇ ಬೀಳುತ್ತದೆ. ಒಣಮೀನನ್ನು ತಗಡಿನ ಆಚೆ ಇಡಬೇಕು. ಕೆಳಗೆ ಗೋಣಿತಟ್ಟು ಹಾಸಬೇಕು, ಜಾಳಿಗೆಯಲ್ಲಿ ಉಗುರು ಸಿಕ್ಕಬಾರದು. ನೆರಳಿನಲ್ಲೇ ಇಡಬೇಕು. ನಸುಕಿನಲ್ಲಿ ಒಡ್ಡಿದರೆ ಬಿಸಿಲೇರುವ ಮೊದಲೇ ಮುಚ್ಚಬೇಕು, ನಡುವೆ ಗಂಟೆಗೊಮ್ಮೆ ಹೋಗಿ ನೋಡಬೇಕು. ಬೆಕ್ಕು ಬಿದ್ದರೆ ಪಂಜರದ ಮೇಲೆ ಬಟ್ಟೆ ಹೊದಿಸಬೇಕು. ಕತ್ತಲಾದರೆ ಅದು ಸುಮ್ಮನಾಗುತ್ತದೆ.

“ಮುಂಗುಸಿ ಬಿದ್ರ, ಕಾಡುಬೆಕ್ಕು ಬಿದ್ರ, ಬಾಗಿಲ ತೆಗದು ಹಿಂದ ನಿಂದರ್ರಿ. ಅವು ಅಲ್ಲಿಯವೇ. ಕಾಡುಬೆಕ್ಕಿಗೆ ಕಾಲು ಉದ್ದ, ಬಾಲ ಗಿಡ್ಡ, ನೋಡಿದ ಕೂಡಲೆ ತಿಳಿತದ,” ಎಂದರು ತಬಸ್ಸುಮ. “ಇನ್ನೊಂದು. ಹೆಣ್ಣಿದ್ರ ಪಿಂಜರಾ ಎತ್ತೂದಕ್ಕಿಂತ ಮೊದಲು ಬಟ್ಟೆ ಸರಿಸಿ ಬ್ಯಾಟರಿ ಹಾಕಿ ಹೊಟ್ಟಿ ನೋಡ್ರಿ. ಮೊಲಿ ಕೆಂಪಗ ಉಬ್ಬಿದ್ದು, ಸುತ್ತ ಕೂದಲ ಉದುರಿದ್ರ ಹಾಲು ಕುಡಸಾಕತ್ತದ ಅಂತ ಅರ್ಥ. ಅಂದ್ರ ಮರಿ ಎಲ್ಲೋ ಅವ. ಅವತ್ತ ಅದನ್ನ ಗಾಡಿಗೆ ಹಾಕಬ್ಯಾಡ್ರಿ. ನನಗ ಫೋನ್ ಮಾಡ್ರಿ. ಮೊದಲು ಮರಿ ಹುಡುಕೋಣ.”

ಎಲ್ಲರೂ ತಲೆ ಆಡಿಸಿದರು. ಪಂಜರದ ಸಂಖ್ಯೆ, ಸಮಯ, ಗಂಡೋ ಹೆಣ್ಣೋ, ಹಾಲು ಇದೆಯೋ ಇಲ್ಲವೋ ಎಂದು ಬರೆಯಲು ಒಂದೊಂದು ವಹಿ ಕೊಟ್ಟರು.

“ಒಂದು ಮಾತು ನೆನಪಿಡ್ರಿ,” ಎಂದರು ಕೊನೆಗೆ. “ಅಲ್ಲಿಯ ಹಕ್ಕಿಗೆ ನರಿ ಗೊತ್ತು, ಹಾವು ಗೊತ್ತು, ಹದ್ದು ಗೊತ್ತು. ಮನ್ಯಾಗಿನ ಬೆಕ್ಕು ಗೊತ್ತಿಲ್ಲ. ಬೆಕ್ಕಿನ ತಪ್ಪೂ ಇಲ್ಲ. ಅವು ತಾವಾಗೇ ಅಲ್ಲಿ ಹೋಗಿಲ್ಲ. ಯಾರೋ ಚೀಲದಾಗ ಹಾಕಿ ಬಿಟ್ಟು ಬಂದಾರ.”

ಸುಜಾತಾ ತನ್ನ ಚಪ್ಪಲಿಯ ಉಂಗುಷ್ಠವನ್ನು ನೋಡುತ್ತ ಕುಳಿತಳು. ಎರಡು ವರ್ಷದ ಹಿಂದೆ ಗೊಬ್ಬರದ ಖಾಲಿ ಚೀಲದಲ್ಲಿ ಬೆಕ್ಕು ಹಾಕಿ ಆ ಗಾಯರಾಣದಲ್ಲಿ ಬಿಟ್ಟು ಬಂದವಳು ಅವಳೇ.

ಆ ಬೆಕ್ಕು ಅಂಬುಬಾಯಿಯದು. ಹೆಸರು ಚಂದ್ರಿ. ಕಪ್ಪು, ಹಳದಿ, ಬಿಳಿ ಮೂರೂ ಬಣ್ಣ. ಮರಿಯಿದ್ದಾಗ ಬಾಗಿಲಿಗೆ ಸಿಕ್ಕಿ ಬಾಲದ ತುದಿ ಕೊಂಡಿಯ ಹಾಗೆ ಬಾಗಿತ್ತು. ಗಂಡ ತೀರಿಕೊಂಡ ವರ್ಷ ಅಂಬುಬಾಯಿ ಅದನ್ನು ಹುಲಸೂರಿನ ತಂಗಿಯ ಮನೆಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಮುದುಕಿ ಉಂಡರೆ ಅದು ಉಣ್ಣುತ್ತಿತ್ತು, ಮಲಗಿದರೆ ಅವಳ ಕಾಲ ಬಳಿ ಮಲಗುತ್ತಿತ್ತು. ಆದರೆ ಅದು ಪಕ್ಕದ ಮನೆಯ ಕೋಳಿಮರಿಗಳನ್ನು ಒಂದೊಂದಾಗಿ ಮುಗಿಸಿತು. ವರ್ಷಕ್ಕೆರಡು ಸಲ ಹೆರುತ್ತಿತ್ತು. ಪಕ್ಕದ ಮನೆಯವಳು ಜಗಳ ತೆಗೆದು, ಇನ್ನೊಂದು ಕೋಳಿಮರಿ ಹೋದರೆ ವಿಷ ಇಡುತ್ತೇನೆ ಎಂದಳು. ಆ ಬಾರಿ ಚಂದ್ರಿ ಮೂರು ಮರಿ ಹಾಕಿತ್ತು. ಅಂಬುಬಾಯಿ ಬುದ್ಧವಿಹಾರಕ್ಕೆ ಹೋದ ಒಂದು ಹುಣ್ಣಿಮೆಯ ಬೆಳಿಗ್ಗೆ ಸುಜಾತಾ ತಾಯಿಬೆಕ್ಕನ್ನೂ ಮರಿಗಳನ್ನೂ ಚೀಲಕ್ಕೆ ಹಾಕಿ ತಲೆಯ ಮೇಲೆ ಹೊತ್ತು ನಡೆದಳು. ವಿಷ ತಿಂದು ಸಾಯುವುದಕ್ಕಿಂತ ಇದು ಮೇಲು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಅತ್ತೆಗೆ ಹೇಳಿದರೆ ಬಿಡುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಆದ್ದರಿಂದ ಹೇಳಲಿಲ್ಲ.

“ಮರಿ ಕಚ್ಚಿಕೊಂಡು ಎಲ್ಲೋ ಹೋಗ್ಯಾದ ನೋಡ್ರಿ ಅತ್ತಿ,” ಎಂದಳು ಸಂಜೆ.

ಅಂಬುಬಾಯಿ ಒಂದು ತಿಂಗಳು ಬಟ್ಟಲಲ್ಲಿ ಹಾಲು ರೊಟ್ಟಿ ಕಲಸಿಕೊಂಡು ಊರೆಲ್ಲ ಕರೆಯುತ್ತ ತಿರುಗಿದಳು. ಹಾಗೆ ಕರೆಯುತ್ತ ಹೋಗಿ ಒಂದು ದಿನ ಸಮಾಜಮಂದಿರದ ಮೆಟ್ಟಿಲ ಮೇಲೆ ಬಿದ್ದಳು, ಬಲಗೈ ಮುರಿಯಿತು. ಬಸವಕಲ್ಯಾಣದಲ್ಲಿ ಪಟ್ಟಿ ಕಟ್ಟಿಸಿದರು. ನಲವತ್ತು ದಿನ ಸುಜಾತಾಳೇ ಅತ್ತೆಯ ತಲೆ ಬಾಚಿದಳು, ಅನ್ನ ಕಲಸಿ ಕೊಟ್ಟಳು. ಬಾಚುವಾಗ ದಿನವೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು. ವಿಹಾರದಲ್ಲಿ ಪಂಚಶೀಲ ಹೇಳುವಾಗ ಸುಳ್ಳಾಡುವುದಿಲ್ಲ ಎಂಬ ಸಾಲು ಬಂದರೆ ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರುವಾಗ ಈ ವಿಷಯ ಅವಳ ತಲೆಯಲ್ಲಿ ಇರಲಿಲ್ಲ ಎಂದಲ್ಲ. ಆ ಬೆಕ್ಕು ಇಷ್ಟು ದಿನ ಬದುಕಿರಲಾರದು ಎಂದುಕೊಂಡಿದ್ದಳು. ಅದೇ ಒಳ್ಳೆಯದು ಎಂದೂ ಒಮ್ಮೊಮ್ಮೆ ಅನಿಸಿ, ಹಾಗನಿಸಿದ್ದಕ್ಕೆ ಮತ್ತೆ ಮನಸ್ಸು ಕೆಡುತ್ತಿತ್ತು.

ಅವಳ ಜೊತೆಗಾರ ಅಮೋಘಸಿದ್ದಪ್ಪ, ಅರವತ್ತು ದಾಟಿದ ಕುರಿಗಾಹಿ. ಅವನ ಕುರಿಗಳನ್ನು ಈಗ ಮಗ ನೋಡಿಕೊಳ್ಳುತ್ತಿದ್ದ. ಐವತ್ತು ವರ್ಷ ಆ ನೆಲದಲ್ಲಿ ತಿರುಗಿದವನಿಗೆ ಯಾವ ಕಲ್ಲಿನ ಕೆಳಗೆ ಏನಿದೆ ಎಂಬುದು ಗೊತ್ತಿತ್ತು. ಸುಜಾತಾಳ ಮಾವ ಬದುಕಿದ್ದಾಗ ಇಬ್ಬರೂ ದೋಸ್ತರು. ಮಾವ ತೀರಿಕೊಂಡ ಮೇಲೂ ಕುರಿ ಹೊಡೆದುಕೊಂಡು ಬರುವಾಗ ಸಿದ್ದಪ್ಪ ಅವರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದೇ ಮುಂದೆ ಹೋಗುತ್ತಿದ್ದ. ಸುಜಾತಾ ಅವನಿಗೆ ಕಾಕಾ ಎನ್ನುತ್ತಿದ್ದಳು.

ಮೊದಲ ವಾರ ಬಿದ್ದದ್ದು ಎರಡು ಮುಂಗುಸಿ, ಒಂದು ಕಾಡುಬೆಕ್ಕು. ಕಾಡುಬೆಕ್ಕು ಬಿದ್ದ ದಿನ ಸುಜಾತಾ ಹೆದರಿದಳು. ಸಿದ್ದಪ್ಪ ಪಂಜರದ ಹಿಂದೆ ಕುಕ್ಕರಗಾಲಲ್ಲಿ ಕುಳಿತು ನಿಧಾನವಾಗಿ ಬಾಗಿಲೆತ್ತಿದ. ಅದು ಒಂದು ಕ್ಷಣ ಹೊರಗಿನ ಬೆಳಕನ್ನು ನೋಡಿ, ಹುಲ್ಲಿನಲ್ಲಿ ಗೆರೆ ಎಳೆದಂತೆ ಹೋಯಿತು.

“ಹೋಗಲಿ. ಇದು ಇದರ ಮನಿ,” ಎಂದ ಸಿದ್ದಪ್ಪ.

ಎರಡನೆಯ ವಾರದಿಂದ ಬೆಕ್ಕುಗಳು ಬೀಳತೊಡಗಿದವು. ಸುಜಾತಾ ಚೆನ್ನಾಗಿ ಕಲಿತಳು. ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ ಪಂಜರ ಇಡುವುದು, ಬಾಗಿಲು ಬೀಳುವಾಗ ಸದ್ದಾಗದಂತೆ ಬಟ್ಟೆ ಸುತ್ತುವುದು ಎಲ್ಲ ಅವಳಿಗೆ ಬಂದವು. ಹಿಡಿದ ಬೆಕ್ಕುಗಳಲ್ಲಿ ಎರಡಕ್ಕೆ ಮೈಮೇಲೆ ಮೂರು ಬಣ್ಣವಿತ್ತು. ಅವು ಎಲ್ಲಿಂದ ಬಂದವು ಎಂದು ಅವಳು ಕೇಳಿಕೊಳ್ಳಲಿಲ್ಲ. ಹುಮನಾಬಾದಿನಿಂದ ತಬಸ್ಸುಮ ಫೋನ್ ಮಾಡಿ, “ಸುಜಾತಕ್ಕ, ನಿಮ್ಮ ಕೈಯಾಗ ಒಂದು ಬೆಕ್ಕಿಗೂ ಗಾಯ ಆಗಿಲ್ಲ. ಛಲೋ ಕೆಲಸ ಮಾಡಾಕತ್ತೀರಿ,” ಎಂದರೆ ಅವಳಿಗೆ ಖುಷಿಯಾಗುತ್ತಿರಲಿಲ್ಲ.

ಏಪ್ರಿಲ್ ನಡುವಿನಲ್ಲಿ ಒಂದು ಬೆಳಿಗ್ಗೆ, ಹಳೆಯ ಕಲ್ಲುಗಣಿಯ ಬಳಿ ಏಳನೆಯ ಪಂಜರದ ಬಾಗಿಲು ಬಿದ್ದಿತ್ತು. ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಸಿದ್ದಪ್ಪ ಆಚೆಯ ದಿಬ್ಬದಲ್ಲಿ ತನ್ನ ಪಂಜರಗಳನ್ನು ನೋಡುತ್ತಿದ್ದ. ಸುಜಾತಾ ಬಟ್ಟೆ ಹೊದಿಸಲು ಬಾಗಿದಳು. ಒಳಗೆ ಮೂಲೆಗೆ ಒತ್ತಿಕೊಂಡು ಕುಳಿತ ಬೆಕ್ಕಿನ ಬಾಲದ ತುದಿ ಕೊಂಡಿಯ ಹಾಗೆ ಬಾಗಿತ್ತು.

ಬೆಕ್ಕಿನ ಮುಖ ಚೂಪಾಗಿತ್ತು, ಒಂದು ಕಿವಿ ಹರಿದಿತ್ತು, ಮೈ ಬಡಕಲಾಗಿತ್ತು. ಆದರೆ ಚಂದ್ರಿಯೇ. “ಚಂದ್ರಿ,” ಎಂದಳು ಮೆಲ್ಲಗೆ. ಬೆಕ್ಕು ಹಲ್ಲು ತೋರಿಸಿ ಗುರ್ರೆಂದಿತು.

ಬ್ಯಾಟರಿ ಹಾಕಿ ಹೊಟ್ಟೆ ನೋಡಿದಳು. ಮೊಲೆಗಳು ಕೆಂಪಗೆ ಉಬ್ಬಿದ್ದವು. ಸುತ್ತಲಿನ ಕೂದಲು ಉದುರಿ ಚರ್ಮ ಕಾಣುತ್ತಿತ್ತು.

ಈಗ ಫೋನ್ ಮಾಡಬೇಕು. ಮಾಡಿದರೆ ಬೆಕ್ಕನ್ನು ನೆರಳಿನಲ್ಲಿ ಇಟ್ಟುಕೊಂಡು ಮಧ್ಯಾಹ್ನದವರೆಗೆ ಮರಿ ಹುಡುಕಬೇಕು. ಹುಡುಕಲು ಸಿದ್ದಪ್ಪ ಬರುತ್ತಾನೆ. ಚಂದ್ರಿ ಅವನ ಕಂಬಳಿಯ ಮೇಲೆ ಎಷ್ಟೋ ಸಂಜೆ ಮಲಗಿದ ಬೆಕ್ಕು. ಬಾಲ ನೋಡಿದರೆ ಸಾಕು, ಗುರುತು ಹಿಡಿಯುತ್ತಾನೆ. ಇದು ಇಲ್ಲಿಗೆ ಹೇಗೆ ಬಂತು ಎನ್ನುತ್ತಾನೆ. ಸಂಜೆ ಕಟ್ಟೆಯ ಮೇಲೆ ಕುಳಿತು ಅಂಬುಬಾಯಿಗೆ ಹೇಳುತ್ತಾನೆ. ಹಿಡಿದ ಬೆಕ್ಕುಗಳನ್ನು ಒಯ್ಯುವ ಹುಮನಾಬಾದಿನ ಗಾಡಿ ರಸ್ತೆಗೆ ಬರಲು ಇನ್ನು ಅರ್ಧ ಗಂಟೆಯಿತ್ತು. ಗಾಡಿ ಹತ್ತಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಮರಿ ದೊಡ್ಡವಿರಬಹುದು, ತಾವೇ ತಿನ್ನುತ್ತಿರಬಹುದು ಎಂದು ಅವಳು ಯೋಚಿಸಿದಳು. ವಹಿ ತೆಗೆದು ಬರೆದಳು: ಪಂಜರ ಏಳು, ಹೆಣ್ಣು, ಹಾಲು ಇಲ್ಲ. ಬಟ್ಟೆಯನ್ನು ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿದಳು. ಪಂಜರ ಹೊತ್ತು ರಸ್ತೆಗೆ ನಡೆಯುವಾಗ ಒಳಗಿನಿಂದ ಬೆಕ್ಕು ಒಂದೇ ಸಮನೆ ಕೂಗುತ್ತಿತ್ತು.

ಅವತ್ತು ಮಧ್ಯಾಹ್ನ ಬಿಸಿಲು ಬಲವಾಗಿತ್ತು. ಮನೆಯೊಳಗೆ ಕುಳಿತರೂ ಮೇಲಿನ ತಗಡು ಕಾದು ಸೆಖೆ ಇಳಿಯುತ್ತಿತ್ತು. ಅಂಬುಬಾಯಿ ಒದ್ದೆ ಬಟ್ಟೆ ತಲೆಗೆ ಹಾಕಿಕೊಂಡು ಮಲಗಿದ್ದಳು. ಸುಜಾತಾ ಎರಡು ಸಲ ಎದ್ದು ಗಾಯರಾಣದ ದಾರಿಯವರೆಗೆ ಹೋಗಿ ತಿರುಗಿ ಬಂದಳು. ಒಬ್ಬಳೇ ಹೋಗಿ ಎಲ್ಲಿ ಹುಡುಕುವುದು, ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ತಿಳಿಯಲಿಲ್ಲ. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. “ಯಾಕ, ಮೈಯಾಗ ಆರಾಮಿಲ್ಲೇನ?” ಎಂದು ಅತ್ತೆ ಕೇಳಿದಳು. “ಬಿಸಲು ಹತ್ತೇದ್ರಿ,” ಎಂದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು.

“ಸುಜಾತಕ್ಕ, ನಿನ್ನಿ ಬಂದದ್ದು, ಬಾಲ ಸೊಟ್ಟ ಇದ್ದದ್ದು. ಆಪರೇಷನ್‌ಗೆ ಮಲಗಿಸೋಣ ಅಂತ ನೋಡಿದ್ರ ಹಾಲು ತುಂಬಿ ಮೊಲಿ ಕಲ್ಲಾಗ್ಯಾವ. ಮೂರು ವಾರದ ಮರಿ ಇರಬೇಕು. ನೀವು ಇಲ್ಲ ಅಂತ ಬರದೀರಿ.”

“ಕಾಣಲಿಲ್ಲ ರೀ ಮೇಡಮ್,” ಎಂದಳು ಸುಜಾತಾ. “ಕತ್ತಲಿತ್ತು.”

ತಬಸ್ಸುಮ ಬೈಯಲಿಲ್ಲ. “ಆಗಲಿ. ಈಗ ಲಗೂನ ಹೋಗ್ರಿ. ಸಿದ್ದಪ್ಪನವರನ್ನ ಕರಕೊಂಡು ಹೋಗ್ರಿ. ಒಂದು ದಿನದ ಮ್ಯಾಲಾತು,” ಎಂದರು.

ಸಿದ್ದಪ್ಪ ಆಗಲೇ ಪಂಜರಗಳನ್ನು ಮುಚ್ಚಿ ಬೇವಿನ ಮರದ ಕೆಳಗೆ ಕುಳಿತಿದ್ದ. ವಿಷಯ ಕೇಳಿ ಕೋಲು ತೆಗೆದುಕೊಂಡು ಎದ್ದ. ಏಳನೆಯ ಪಂಜರ ಇದ್ದಲ್ಲಿಂದ ಸುತ್ತ ಸುತ್ತ ನಡೆಯುತ್ತ ಧೂಳನ್ನು ನೋಡಿದ. ಬೆಕ್ಕು ದಿನವೂ ಹೋಗಿ ಬಂದ ಸಣ್ಣ ದಾರಿ ಅವನಿಗೆ ಕಂಡಿತು. ಅವಳಿಗೆ ತೋರಿಸಿದ ಮೇಲೂ ಅದು ಬರೀ ಧೂಳಾಗಿಯೇ ಕಂಡಿತು. ಒಂದು ಕಡೆ ದಾರಿ ತಪ್ಪಿ ಗಣಿಯ ಆಚೆ ಬದಿಗೆ ಹೋದರು, ಅಲ್ಲಿ ಏನೂ ಇರಲಿಲ್ಲ. ತಿರುಗಿ ಬಂದರು. ಹತ್ತು ಗಂಟೆಯಾಗಿತ್ತು, ಕಲ್ಲು ಮುಟ್ಟಿದರೆ ಸುಡುತ್ತಿತ್ತು.

ಗಣಿಯಲ್ಲಿ ಒಡೆದು ಬಿಟ್ಟ ಚಪ್ಪಡಿಗಳ ರಾಶಿಯ ಕೆಳಗೆ ಒಂದು ಸಂದು. ಅದರ ಬಾಯಿಯಲ್ಲಿ ಗರಿಗಳಿದ್ದವು. ನೆಲಗುಬ್ಬಿಯ ಕಂದು ಗರಿ, ಹಲ್ಲಿಯ ಬಾಲ, ಟಿಟವಿ ಮರಿಗಳ ಕಡ್ಡಿಯಂಥ ಕಾಲುಗಳು. ಸಿದ್ದಪ್ಪ ಕೋಲಿನಿಂದ ಆ ಕಾಲುಗಳನ್ನು ಸರಿಸಿ ಲೆಕ್ಕ ಮಾಡಿದ. ಹನ್ನೊಂದಿದ್ದವು. ಆಮೇಲೆ ಮೊಣಕಾಲೂರಿ ಒಳಗೆ ಕೈ ಹಾಕಿದ.

ಮೊದಲು ತೆಗೆದ ಎರಡು ಮರಿಗಳು ಸೆಟೆದಿದ್ದವು, ಕಣ್ಣಿಗೆ ಇರುವೆ ಮುತ್ತಿದ್ದವು. ಮೂರನೆಯದಕ್ಕೆ ಉಸಿರಿತ್ತು. ನಾಲ್ಕನೆಯದು, ಹಳದಿ ಬಣ್ಣದ್ದು, ಬಾಯಿ ತೆರೆಯಿತು; ಆದರೆ ದನಿ ಬರಲಿಲ್ಲ.

ಸುಜಾತಾ ಸೆರಗು ಒಡ್ಡಿದಳು. ಬಾಟಲಿಯ ನೀರನ್ನು ಬೆರಳಿಗೆ ಅದ್ದಿ ಎರಡರ ತುಟಿಗೂ ಸವರಿದಳು. ಮೂರನೆಯ ಮರಿ ಒಮ್ಮೆ ಬೆರಳನ್ನು ಚೀಪಿತು, ಆಮೇಲೆ ಅವಳ ಸೆರಗಿನಲ್ಲೇ ಸಣ್ಣಗೆ ನಡುಗಿ ಸುಮ್ಮನಾಯಿತು. ಅವಳು ಅದನ್ನು ಉಜ್ಜಿದಳು, ಊದಿದಳು. ಸಿದ್ದಪ್ಪ ಕೈ ಅಡ್ಡ ಹಿಡಿದ.

“ಬಿಡು ತಾಯಿ. ಹೋತು.”

ಅವಳು ಗರಿಗಳನ್ನು ನೋಡಿದಳು, ಮರಿಗಳನ್ನು ನೋಡಿದಳು. ಹಕ್ಕಿಮರಿಗಳ ಕಾಲುಗಳೂ ಈ ಬೆಕ್ಕಿನ ಮರಿಗಳೂ ಒಂದೇ ಕಲ್ಲಿನ ಮುಂದೆ ಬಿದ್ದಿದ್ದವು.

“ಕಾಕಾ,” ಎಂದಳು, “ಅದು ಚಂದ್ರಿ.”

ಸಿದ್ದಪ್ಪ ತಲೆ ಎತ್ತಿದ.

“ನಮ್ಮತ್ತಿ ಬೆಕ್ಕು. ನಾನೇ ಚೀಲದಾಗ ಹಾಕಿ ಇಲ್ಲಿ ಬಿಟ್ಟು ಹೋಗಿದ್ದೆ. ನಿನ್ನಿ ಪಿಂಜರಾದಾಗ ನೋಡಿ ಗುರುತು ಹಿಡದೆ. ಹಾಲೂ ನೋಡಿದೆ. ನೀವು ನೋಡಿದ್ರ ಗುರುತು ಹಿಡೀತೀರಿ ಅಂತ ಇಲ್ಲ ಅಂತ ಬರದು ಗಾಡಿಗೆ ಹಾಕಿದೆ.”

ಸಿದ್ದಪ್ಪ ತಲೆಯ ಪಟಕ ಬಿಚ್ಚಿ ಮುಖ ಒರೆಸಿಕೊಂಡ.

“ನನಗ ಅಂಜಿ ಮಾಡಿದೇನ?”

“ಹೌದ್ರಿ.”

“ನಾ ಏನ ಮಾಡತಿದ್ದೆ? ಒಂದೆರಡು ಮಾತು ಅಂತಿದ್ದೆ.” ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. “ಒಂದೆರಡು ಮಾತಿಗೆ ಇಷ್ಟೆಲ್ಲ.”

ಅಲ್ಲಿಯೇ ಕಲ್ಲಿನ ಪಕ್ಕದಲ್ಲಿ ಅವಳು ಕಳೆ ಕೀಳುವ ಕುರ್ಚಿಗಿಯಿಂದ ಕುಣಿ ತೋಡಿ ಮೂರೂ ಮರಿಗಳನ್ನು ಮುಚ್ಚಿದಳು. ಸಿದ್ದಪ್ಪ ಸಹಾಯಕ್ಕೆ ಬಂದರೆ ಬೇಡ ಎಂದಳು. ಉಳಿದ ಹಳದಿ ಮರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೊಟ್ಟಿಯ ಬುಟ್ಟಿಯಲ್ಲಿ ಇಟ್ಟುಕೊಂಡು ಹೊರಟಳು. ಕಲ್ಯಾಣಕ್ಕೆ ಬಂದು ಅಲ್ಲಿಂದ ಹುಮನಾಬಾದಿನ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಬುಟ್ಟಿಯೊಳಗೆ ಕೈ ಇಟ್ಟು ಅದರ ಎದೆಬಡಿತ ನೋಡುತ್ತ ಕುಳಿತಳು. ಪಕ್ಕದಲ್ಲಿ ಕುಳಿತ ಹೆಂಗಸು ಏನದು ಎಂದು ಕೇಳಿದರೆ ಬುಟ್ಟಿಯ ಮೇಲೆ ಸೆರಗು ಎಳೆದುಕೊಂಡಳು.

ದವಾಖಾನೆಯಲ್ಲಿ ತಬಸ್ಸುಮ ಮರಿಯನ್ನು ತೆಗೆದುಕೊಂಡು ಮೊದಲು ಬಿಸಿ ಬಟ್ಟೆಯಲ್ಲಿಟ್ಟು, ಪಿಚಕಾರಿಯಿಂದ ಎರಡು ಹನಿ ಏನೋ ಕುಡಿಸಿದರು. ಅರ್ಧ ಗಂಟೆಯ ಮೇಲೆ ಚಂದ್ರಿಯ ಗೂಡಿನ ಬಾಗಿಲು ಸರಿಸಿ ಒಳಗೆ ಬಿಟ್ಟರು. ಚಂದ್ರಿ ಮೂಸಿತು. ಮತ್ತೆ ಮೂಸಿತು. ಆಮೇಲೆ ಮರಿಯ ಸುತ್ತ ಮೈ ಬಾಗಿಸಿ ಮಲಗಿತು. ಹಾಲು ಕಟ್ಟಿದ ನೋವಿಗೆ ಮರಿ ಬಾಯಿಟ್ಟ ಕೂಡಲೇ ಅದರ ಕಾಲು ನಡುಗಿತು, ಆದರೆ ಎದ್ದು ಹೋಗಲಿಲ್ಲ.

ಸುಜಾತಾ ಅದನ್ನು ನೋಡುತ್ತ ನಿಂತೇ ಎಲ್ಲವನ್ನೂ ಹೇಳಿದಳು. ಚೀಲದಿಂದ ಹಿಡಿದು ಬೆಳಿಗ್ಗೆ ಫೋನಿನಲ್ಲಿ ಕತ್ತಲಿತ್ತು ಎಂದದ್ದರವರೆಗೆ.

“ಅವತ್ತ ಪಾಠದಾಗ ನಾ ಚೀಲದ ಮಾತು ಹೇಳಿದಾಗ ನೀವು ತಲಿ ಬಗ್ಗಿಸಿದ್ದು ನೋಡಿದ್ದೆ,” ಎಂದರು ತಬಸ್ಸುಮ. “ಅಲ್ಲಿ ಕೂತ ನಾಲ್ಕೂ ಮಂದಿ ಬಗ್ಗಿಸಿದ್ರು. ಅದಕ್ಕ ನಾ ಏನೂ ಅನ್ನೂದಿಲ್ಲ. ಆದ್ರ ಹಾಲು ನೋಡಿ ಇಲ್ಲ ಅಂತ ಬರದೀರಲ್ಲ, ಅದು ಬ್ಯಾರೆ.”

“ಕೆಲಸಾ ಬಿಡ್ತೀನ್ರಿ ಮೇಡಮ್.”

“ಬಿಟ್ರ ನಿಮಗ ಹಗುರ ಆಗಬಹುದು. ಅಲ್ಲಿ ಇನ್ನೂ ಬೆಕ್ಕು ಅವ, ಟಿಟವಿ ಇನ್ನೊಮ್ಮೆ ಮೊಟ್ಟಿ ಇಡಾಕತ್ತಾವ. ವಹಿ ತೆಗೀರಿ.”

ಸುಜಾತಾ ವಹಿ ತೆಗೆದಳು. ತಬಸ್ಸುಮ ಹೇಳಿದಂತೆ ಆ ಸಾಲಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ತನ್ನ ಕೈಯಿಂದಲೇ ಬರೆದಳು: ಹಾಲು ಇತ್ತು. ನೋಡಿದ್ದೆ. ಮೂರು ಮರಿ ಸತ್ತವು. ಅಕ್ಷರ ಸೊಟ್ಟವಾದವು. ಇನ್ನು ಮುಂದೆ ಅವಳು ಒಬ್ಬಳೇ ಪಂಜರ ನೋಡುವಂತಿಲ್ಲ, ಸಿದ್ದಪ್ಪನ ಜೊತೆಯಲ್ಲೇ ಹೋಗಬೇಕು, ಹೊಟ್ಟೆ ನೋಡಿದ್ದನ್ನು ಇಬ್ಬರೂ ಬರೆಯಬೇಕು ಎಂದು ತಬಸ್ಸುಮ ಹೇಳಿದರು. ಅವಳು ಒಪ್ಪಿದಳು.

ಅಂಬುಬಾಯಿಗೆ ಸಂಜೆಯೇ ಹೇಳಿದಳು, ಸಿದ್ದಪ್ಪ ಬರುವ ಮೊದಲು. ಮುದುಕಿ ಮೊರದಲ್ಲಿ ಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು.

“ಅತ್ತಿ, ಚಂದ್ರಿ ತಾನ ಹೋಗಿರಲಿಲ್ರಿ. ನಾ ಬಿಟ್ಟು ಬಂದಿದ್ದೆ.”

ಬೇಳೆಯಲ್ಲಿದ್ದ ಬೆರಳು ನಿಂತಿತು. ಸುಜಾತಾ ಉಳಿದದ್ದನ್ನೂ ಹೇಳಿ ಮುಗಿಸಿದಳು.

“ನಾ ಒಂದು ತಿಂಗಳು ಕರಕೋತ ತಿರುಗೀನಿ,” ಎಂದಳು ಅಂಬುಬಾಯಿ.

“ಹೌದ್ರಿ.”

“ನೀ ಬಾಗಲದಾಗ ನಿಂತು ನೋಡಿದಿ.”

“ನೋಡೀನ್ರಿ.”

“ಕೈ ಮುರಕೊಂಡು ಬಂದೆ. ಆವಾಗೂ ಹೇಳಲಿಲ್ಲ.”

ಅಂಬುಬಾಯಿ ಮೊರವನ್ನು ಕೆಳಗಿಟ್ಟು ಎದ್ದು ಒಳಗೆ ಹೋದಳು. ಅವತ್ತಿನಿಂದ ಅವಳು ಸೊಸೆಯ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೆ ಮಗನನ್ನು ಕೇಳುತ್ತಿದ್ದಳು, ಮಗ ಇಲ್ಲದಿದ್ದರೆ ಉಪ್ಪಿಲ್ಲದೆ ಉಣ್ಣುತ್ತಿದ್ದಳು. ತಲೆ ತಾನೇ ಬಾಚಿಕೊಳ್ಳುತ್ತಿದ್ದಳು. ಜೈಭೀಮ ಒಮ್ಮೆ, “ಒಂದು ಬೆಕ್ಕಿನ ಸಲುವಾಗಿ ಎಷ್ಟು ದಿನ ಯವ್ವಾ?” ಎಂದ. “ಬೆಕ್ಕಿನ ಸಲುವಾಗಿ ಅಲ್ಲ,” ಎಂದಳು ತಾಯಿ.

ಸುಜಾತಾ ದಿನವೂ ನಸುಕಿನಲ್ಲಿ ಸಿದ್ದಪ್ಪನ ಜೊತೆ ಹೋಗುತ್ತಿದ್ದಳು. ಅವನೂ ಮೊದಲಿನಷ್ಟು ಮಾತಾಡುತ್ತಿರಲಿಲ್ಲ, ಆದರೆ ಚಹಾದ ಥರ್ಮಾಸು ಅವಳ ಕಡೆ ಸರಿಸುತ್ತಿದ್ದ. ಹಾಲಿದ್ದ ಇನ್ನೊಂದು ಬೆಕ್ಕು ಬಿತ್ತು. ಇಬ್ಬರೂ ನಾಲ್ಕು ಗಂಟೆ ಹುಡುಕಿ ಜಾಲಿಕಂಟಿಯ ಬುಡದಲ್ಲಿ ಮೂರು ಮರಿ ಕಂಡು, ತಾಯಿಯ ಜೊತೆಯಲ್ಲೇ ಕಳಿಸಿದರು. ಅವತ್ತು ಸಿದ್ದಪ್ಪ ಸಮಾಧಾನದಿಂದ ಎಲೆಯಡಿಕೆ ಹಾಕಿಕೊಂಡ. ಸುಜಾತಾಳಿಗೆ ಕಲ್ಲಿನ ಪಕ್ಕದ ಕುಣಿಯೇ ಕಣ್ಣಮುಂದಿತ್ತು. ಮೇ ನಡುವಿಗೆ ಟಿಟವಿಗಳ ಎರಡನೆಯ ಸಲದ ಮರಿಗಳು ಹೊರಬಂದವು. ಸಂಸ್ಥೆಯವರು ದುರ್ಬೀನಿನಲ್ಲಿ ನೋಡಿ ಒಂಬತ್ತು ಮರಿ ಎಂದು ಬರೆದುಕೊಂಡರು. ಅವಳೂ ನೋಡಿದಳು. ಹುಲ್ಲಿನ ನಡುವೆ ಕಡ್ಡಿಗಾಲಿನ ಮೇಲೆ ಓಡುತ್ತಿದ್ದವು. ನೋಡಿ ದುರ್ಬೀನು ತಿರುಗಿ ಕೊಟ್ಟುಬಿಟ್ಟಳು.

ಮೇ ಕೊನೆಯ ವಾರ ಚಂದ್ರಿಗೆ ಆಪರೇಷನ್ ಆಯಿತು. ಮರಿ ತಾನೇ ತಿನ್ನುವಷ್ಟಾಗಿತ್ತು. ಎರಡನ್ನೂ ಹುಮನಾಬಾದಿನ ಒಂದು ಬೇಳೆ ಮಿಲ್ಲಿಗೆ ಕೊಟ್ಟರು. ಈ ಸುದ್ದಿಯನ್ನು ಸುಜಾತಾ ಯಾರಿಗೂ ಅಲ್ಲದಂತೆ ಅಡುಗೆಮನೆಯಲ್ಲಿ ನಿಂತು ಹೇಳಿದಳು. ಅಂಬುಬಾಯಿ ಕೇಳಿಸಿಕೊಂಡಂತೆ ತೋರಲಿಲ್ಲ. ಎರಡು ದಿನದ ಮೇಲೆ ಬೆಳಿಗ್ಗೆ ಸೀರೆ ಉಟ್ಟು ತಯಾರಾಗಿ ಬಾಗಿಲಲ್ಲಿ ನಿಂತು, ಗೋಡೆ ನೋಡುತ್ತ ಹೇಳಿದಳು: “ಆ ಮಿಲ್ಲಿಗೆ ನನ್ನ ಕರಕೊಂಡು ಹೋಗು.”

ಮಿಲ್ಲಿನಲ್ಲಿ ಯಂತ್ರದ ಸದ್ದು, ತೊಗರಿಯ ಹೊಟ್ಟಿನ ಧೂಳು. ಅಲ್ಲಿ ಹಮಾಲರ ಮೇಸ್ತ್ರಿ ಅಕ್ರಮ್ ಮುದುಕಿಗೆ ಒಂದು ಸ್ಟೂಲು ತಂದು ಹಾಕಿದ. “ಇಲ್ಲೇ ಚೀಲದ ಹಿಂದ ಇರ್ತದ್ರಿ ಅಮ್ಮಾ. ಯಾರ ಕೈಗೂ ಬರೂದಿಲ್ಲ. ಇಲಿ ಮಾತ್ರ ಒಂದೂ ಬಿಟ್ಟಿಲ್ಲ,” ಎಂದ.

ಅಂಬುಬಾಯಿ ಮನೆಯಿಂದ ತಂದ ಹಾಲು ರೊಟ್ಟಿಯನ್ನು ನೆಲದ ಮೇಲಿಟ್ಟು ಕರೆದಳು. ಮೊದಲು ಬಂದದ್ದು ಹಳದಿ ಮರಿ. ತಿಂದಿತು. ಆಮೇಲೆ ಚೀಲಗಳ ಸಂದಿನಲ್ಲಿ ಚಂದ್ರಿಯ ಹರಿದ ಕಿವಿ ಕಂಡಿತು. ಮುದುಕಿ ಮತ್ತೆ ಕರೆದಳು, ಕೈ ಚಾಚಿದಳು. ಚಂದ್ರಿ ಅವಳನ್ನೇ ದಿಟ್ಟಿಸಿತು. ಒಂದು ಹೆಜ್ಜೆ ಇಟ್ಟಿತು, ನಿಂತಿತು. ಎಲ್ಲೋ ಒಂದು ಚೀಲ ಬಿದ್ದ ಸದ್ದಿಗೆ ತಿರುಗಿ ಒಳಗೆ ಹೋಯಿತು. ಮುಕ್ಕಾಲು ಗಂಟೆ ಕುಳಿತರೂ ಮತ್ತೆ ಬರಲಿಲ್ಲ.

“ಅಕಿ ಮರತಾಳ,” ಎಂದಳು ಅಂಬುಬಾಯಿ, ಯಾರಿಗೆಂದಲ್ಲ. “ಮಂದಿ ಅಂದ್ರ ಅಂಜತಾಳ ಈಗ.”

ಸುಜಾತಾ ಕಂಬಕ್ಕೆ ಒರಗಿ ನಿಂತಿದ್ದಳು. ಅಳು ಬಂತು. ಅಳುವ ಹಕ್ಕು ತನಗಿಲ್ಲ ಅನಿಸಿ ಹೊರಗೆ ನಲ್ಲಿಯ ಬಳಿ ಹೋಗಿ ಮುಖ ತೊಳೆದುಕೊಂಡು ಬಂದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಹೆದ್ದಾರಿಯ ಗಾಳಿ ಬಿಸಿಯಾಗಿ ಬೀಸುತ್ತಿತ್ತು. ಕಲ್ಯಾಣ ಹತ್ತಿರ ಬಂದಾಗ ಅಂಬುಬಾಯಿ ಮಾತಾಡಿದಳು.

“ಆ ಮೂರು ಮರಿ ಎಲ್ಲಿ ಇಟ್ಟೀರಿ?”

“ಅಲ್ಲೇ, ಗಣಿ ಕಲ್ಲಿನ ಬಾಜೂಕ ಮಣ್ಣು ಮಾಡೀನ್ರಿ.”

“ನೀ ಮಾಡಿದೋ, ಸಿದ್ದಪ್ಪ ಮಾಡಿದನೋ?”

“ನಾನ ಮಾಡೀನ್ರಿ.”

ಅಂಬುಬಾಯಿ ಕಿಟಕಿಯ ಕಡೆ ತಿರುಗಿದಳು. ಆಮೇಲೆ, “ನಾ ಇದನ್ನ ಮರೀತೀನಿ ಅಂತ ತಿಳೀಬ್ಯಾಡ,” ಎಂದಳು.

“ಇಲ್ರಿ ಅತ್ತಿ.”

ಊರಿನ ಸ್ಟ್ಯಾಂಡಿನಲ್ಲಿ ಇಳಿಯುವಾಗ ಸುಜಾತಾ ಕೈ ಚಾಚಿದಳು. ಮುದುಕಿ ಅದನ್ನು ಹಿಡಿಯಲಿಲ್ಲ. ಬಸ್ಸಿನ ಕಂಬಿ ಹಿಡಿದು ನಿಧಾನವಾಗಿ ತಾನೇ ಇಳಿದಳು. ಇಬ್ಬರೂ ಓಣಿಯ ಕಡೆ ನಡೆದರು, ಅತ್ತೆ ಮುಂದೆ, ಸೊಸೆ ನಾಲ್ಕು ಹೆಜ್ಜೆ ಹಿಂದೆ. ಮನೆಯ ಬಾಗಿಲ ಚಿಲಕ ತೆಗೆಯುತ್ತ ಅಂಬುಬಾಯಿ ಕೇಳಿದಳು.

“ನಾಳಿ ಎಷ್ಟಕ್ಕ ಹೋಗೂದು?”

“ಐದಕ್ಕ ಹೋಗಬೇಕ್ರಿ.”

“ನಾಕೂವರಿಗೆ ಎಬ್ಬಸ್ತೀನಿ,” ಎಂದು ಹೇಳಿ ಅವಳು ಒಳಗೆ ಹೋದಳು.